ಬೀಟಾ 0.04 ಬಂದರೆ ಎಲ್ಲಿ ನೋಡಬೇಕು: ಷೇರು ರಿಟರ್ನ್ ರಿಗ್ರೆಶನ್ ಕೋಡಿನ ದೋಷ ನಿವಾರಣೆ

ರಾತ್ರಿ ಹತ್ತೂವರೆಗೆ ಅಕ್ಕನ ಮಗನ ಫೋನ್. ಎಂ.ಕಾಂ. ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಕೊಡೋಕೆ ನಾಲ್ಕೇ ದಿನ ಬಾಕಿ.

"ಮಾಮ, ಇನ್ಫೋಸಿಸ್ ಬೀಟಾ 0.04 ಬರ್ತಿದೆ. ಆರ್-ಸ್ಕ್ವೇರ್ ಹೆಚ್ಚುಕಮ್ಮಿ ಸೊನ್ನೆ. ಬೇರೆ ಮಾಡೆಲ್ ಹಾಕ್ಲಾ?"

"ಬೇಡ ಕಣೋ. ಮಾಡೆಲ್ ಮುಟ್ಟಬೇಡ. ಎರಡೂ ಫೈಲಿನ ಮೊದಲ ಐದು ಸಾಲು ಓದು ನೋಡೋಣ."

ಅವನು ಮಾಡುತ್ತಿದ್ದ ಕೆಲಸ ಸರಳ. 2018ರಿಂದ 2024ರವರೆಗಿನ ಇನ್ಫೋಸಿಸ್ ದಿನದ ಬೆಲೆ ಒಂದು ಫೈಲಿನಲ್ಲಿ, ನಿಫ್ಟಿ 50 (ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ) ಇನ್ನೊಂದರಲ್ಲಿ. ಎರಡಕ್ಕೂ ರಿಟರ್ನ್, ಅಂದರೆ ಹಿಂದಿನ ದಿನಕ್ಕಿಂತ ಬೆಲೆ ಎಷ್ಟು ಪರ್ಸೆಂಟ್ ಬದಲಾಯಿತು ಅಂತ ತೆಗೆದು, ನಿಫ್ಟಿ ಒಂದು ಪರ್ಸೆಂಟ್ ಅಲ್ಲಾಡಿದರೆ ಇನ್ಫೋಸಿಸ್ ಎಷ್ಟು ಅಲ್ಲಾಡುತ್ತದೆ ಅಂತ ಲೀನಿಯರ್ ರಿಗ್ರೆಶನ್‌ನಲ್ಲಿ ನೋಡುವುದು. ರಿಗ್ರೆಶನ್ ಎಳೆಯುವ ನೇರ ಗೆರೆಯ ಇಳಿಜಾರೇ ಬೀಟಾ. ಇನ್ಫೋಸಿಸ್ ಏರಿಳಿತದಲ್ಲಿ ಎಷ್ಟು ಪಾಲನ್ನು ಆ ಗೆರೆ ವಿವರಿಸುತ್ತದೆ ಅನ್ನುವುದು ಆರ್-ಸ್ಕ್ವೇರ್. ಇನ್ಫೋಸಿಸ್ ಅಂದರೆ ನಿಫ್ಟಿಯ ಒಳಗೇ ಇರುವ ದೊಡ್ಡ ತೂಕದ ಷೇರು. ಅದಕ್ಕೂ ನಿಫ್ಟಿಗೂ ಸಂಬಂಧವೇ ಇಲ್ಲ ಅಂತ ಕೋಡ್ ಹೇಳಿದರೆ ಕೋಡೇ ತಪ್ಪು. ಆ ರಾತ್ರಿ ಮತ್ತು ಮುಂದಿನ ಮೂರು ದಿನ ನಾವಿಬ್ಬರೂ ಹುಡುಕಿದ ದೋಷಗಳನ್ನೂ, ನಾನೇ ಹಿಂದೆ ಮಾಡಿಕೊಂಡ ಕೆಲವನ್ನೂ ಇಲ್ಲಿ ಬರೆದಿದ್ದೇನೆ. ರಿಗ್ರೆಶನ್ ಅನ್ನುವುದು ಎರಡು ಸಾಲಿನ ಕೋಡ್. ತಪ್ಪು ಅಲ್ಲಿರುವುದು ಬಹಳ ಕಮ್ಮಿ. ಅದಕ್ಕಿಂತ ಮುಂಚಿನ ಇಪ್ಪತ್ತು ಸಾಲಿನಲ್ಲಿ ಕೂತಿರುತ್ತದೆ.

ಬೀಟಾ ಸೊನ್ನೆಯ ಹತ್ತಿರ ಬಂದರೆ

ಮೊದಲು ಫೈಲು ಯಾವ ದಿಕ್ಕಿನಲ್ಲಿದೆ ನೋಡಿ. ಕೆಲವು ಕಡೆಯಿಂದ ಇಳಿಸಿಕೊಂಡ ಫೈಲಿನಲ್ಲಿ ಹೊಸ ದಿನ ಮೇಲೆ, ಹಳೆಯದು ಕೆಳಗೆ ಇರುತ್ತದೆ. ಇನ್ನು ಕೆಲವು ಕಡೆ ಉಲ್ಟಾ. ಪಾಂಡಾಸ್ (ಪೈಥಾನ್‌ನಲ್ಲಿ ಟೇಬಲ್ ಕೆಲಸಕ್ಕೆ ಬಳಸುವ ಲೈಬ್ರರಿ) ಕೊಡುವ ಪಿಸಿಟಿ-ಚೇಂಜ್ ಅನ್ನುವ ಆದೇಶಕ್ಕೆ ತಾರೀಕು ಗೊತ್ತಿಲ್ಲ. ಅದು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಎಷ್ಟು ಬದಲಾಯಿತು ಅಂತ ಮಾತ್ರ ಲೆಕ್ಕ ಹಾಕುತ್ತದೆ.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಸೋಮವಾರ 100 ರೂಪಾಯಿ, ಮಂಗಳವಾರ 102, ಬುಧವಾರ 99. ಸರಿಯಾದ ರಿಟರ್ನ್ ಮಂಗಳವಾರಕ್ಕೆ +2.00%, ಬುಧವಾರಕ್ಕೆ −2.94%. ಫೈಲು ಉಲ್ಟಾ ಇದ್ದರೆ ಬುಧವಾರಕ್ಕೆ ಖಾಲಿ, ಮಂಗಳವಾರಕ್ಕೆ +3.03%, ಸೋಮವಾರಕ್ಕೆ −1.96% ಬರುತ್ತದೆ. ಅಂದರೆ ಬುಧವಾರದ ಇಳಿತ ಏರಿಕೆಯ ವೇಷ ಹಾಕಿಕೊಂಡು ಮಂಗಳವಾರದ ಸಾಲಿನಲ್ಲಿ ಕೂತಿದೆ. ಎರಡೂ ಫೈಲು ಉಲ್ಟಾ ಇದ್ದಿದ್ದರೆ ಬೀಟಾ ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತಿತ್ತು, ತಪ್ಪು ಗೊತ್ತೂ ಆಗುತ್ತಿರಲಿಲ್ಲ. ಇವನ ಇನ್ಫೋಸಿಸ್ ಫೈಲು ಉಲ್ಟಾ, ನಿಫ್ಟಿ ಫೈಲು ಸರಿ. ಇವತ್ತಿನ ನಿಫ್ಟಿಯ ಪಕ್ಕ ನಾಳೆಯ ಇನ್ಫೋಸಿಸ್ ಬಂದು ನಿಂತರೆ ಬೀಟಾ ಸೊನ್ನೆ ಆಗದೆ ಇನ್ನೇನಾಗುತ್ತದೆ?

ಪರೀಕ್ಷೆ ಸುಲಭ. ರಿಟರ್ನ್ ಕಾಲಂನಲ್ಲಿ ಖಾಲಿ ಮೌಲ್ಯ ಅತಿ ಹಳೆಯ ದಿನಕ್ಕೆ ಇರಬೇಕು. ಅತಿ ಹೊಸ ದಿನಕ್ಕಿದ್ದರೆ ಫೈಲು ಉಲ್ಟಾ ಇದೆ. ರಿಟರ್ನ್ ತೆಗೆಯುವ ಮುಂಚೆಯೇ ತಾರೀಕನ್ನು ಇಂಡೆಕ್ಸ್ ಮಾಡಿ ಸಾರ್ಟ್-ಇಂಡೆಕ್ಸ್ ಹಾಕಿ. ತೆಗೆದ ಮೇಲೆ ಹಾಕಿದರೆ ತಪ್ಪು ರಿಟರ್ನೇ ನೀಟಾಗಿ ಜೋಡಿಸಿಕೊಂಡು ಕೂರುತ್ತದೆ.

ಅದನ್ನು ಸರಿಮಾಡಿದ. ಬೀಟಾ 0.3 ಆಯಿತು. ಇನ್ನೂ ಕಮ್ಮಿಯೇ.

ಶನಿವಾರ ಕುಸಿದ ಮಾರುಕಟ್ಟೆ

ಇಂಥ ಹೊತ್ತಿನಲ್ಲಿ ನಾನು ಎರಡು ಗುರುತಿನ ಕಲ್ಲು ಇಟ್ಟುಕೊಂಡಿರುತ್ತೇನೆ. 2020ರ ಮಾರ್ಚ್ 23ರಂದು ನಿಫ್ಟಿ 8745.45ರಿಂದ 7610.25ಕ್ಕೆ ಬಿತ್ತು, −12.98%. 2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ, 23263.90ರಿಂದ 21884.50ಕ್ಕೆ ಬಿತ್ತು, −5.93%. ನಿಮ್ಮ ಟೇಬಲ್ಲಿನಲ್ಲಿ ಈ ಎರಡು ದಿನಕ್ಕೆ ಈ ಎರಡು ಸಂಖ್ಯೆ ಬರಲೇಬೇಕು. ಬರದಿದ್ದರೆ ಮುಂದಕ್ಕೆ ಹೋಗಬೇಡಿ.

"ಜೂನ್ 4ಕ್ಕೆ ಏನಿದೆ?"

"ಜೂನ್ 4ಕ್ಕೆ ಇಲ್ಲ ಮಾಮ. 21884 ಏಪ್ರಿಲ್ 6ಕ್ಕಿದೆ."

2024ರ ಏಪ್ರಿಲ್ 6 ಶನಿವಾರ. ಮಾರುಕಟ್ಟೆಗೆ ರಜೆ. ಆಗಿದ್ದಿಷ್ಟೇ. ಫೈಲಿನಲ್ಲಿ 04-06-2024 ಅಂತ ನಮ್ಮ ಪದ್ಧತಿಯಲ್ಲಿ ದಿನ ಮೊದಲು ಬರೆದಿದ್ದರು. ಪಾಂಡಾಸ್ ಅದನ್ನು ಅಮೆರಿಕದವರ ಥರ ತಿಂಗಳು ಮೊದಲು ಅಂತ ಓದಿತು. ಕಾಲೇಜಿನ ಲ್ಯಾಬ್‌ನಲ್ಲಿದ್ದದ್ದು ಹಳೆಯ ವರ್ಶನ್. ಅದು ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ ಊಹಿಸುತ್ತದೆ. 13-06-2024 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಅದಕ್ಕೆ ತಾನೇ ತಿರುಗಿಸಿ ಸರಿಯಾಗಿ ಓದುತ್ತದೆ. ಹಾಗಾಗಿ ತಿಂಗಳ ಮೊದಲ 12 ದಿನ ಮಾತ್ರ ಕೆಡುತ್ತವೆ, ಉಳಿದದ್ದು ಸರಿ. ಫೈಲಿನ ಕೊನೆ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. 2.0 ವರ್ಶನ್‌ನಿಂದ ಈಚೆಗೆ ಮೊದಲ ಸಾಲು ನೋಡಿ ಒಂದೇ ಪದ್ಧತಿ ಹಿಡಿದುಕೊಳ್ಳುತ್ತದೆ, ಹೊಂದದಿದ್ದರೆ ಎರರ್ ಕೊಡುತ್ತದೆ. ಎರರ್ ಬಂದರೆ ಬೈಯಬೇಡಿ, ಅದು ಉಪಕಾರ.

ಡೇ-ಫಸ್ಟ್ ಟ್ರೂ ಅಂತ ಹಾಕಿ, ಅಥವಾ ಫಾರ್ಮ್ಯಾಟನ್ನು ಪೂರ್ತಿ ಬರೆದುಬಿಡಿ. ಆಮೇಲೆ ಶನಿವಾರ-ಭಾನುವಾರ ಎಷ್ಟು ಸಾಲಿವೆ ಎಣಿಸಿ. ಸೊನ್ನೆಯೇ ಬರಬೇಕೆಂದಿಲ್ಲ. ದೀಪಾವಳಿಯ ಮುಹೂರ್ತ ಟ್ರೇಡಿಂಗ್ 2023ರಲ್ಲಿ ನವೆಂಬರ್ 12, ಭಾನುವಾರ ನಡೆಯಿತು. 2024ರ ಜನವರಿ 20, ಮಾರ್ಚ್ 2, ಮೇ 18 ಶನಿವಾರಗಳಾದರೂ ಮಾರುಕಟ್ಟೆ ತೆರೆದಿತ್ತು. ಬೆರಳೆಣಿಕೆಯಷ್ಟಿದ್ದರೆ ಸರಿ. ನೂರಾರು ಇದ್ದರೆ ತಾರೀಕು ಕೆಟ್ಟಿದೆ.

ಸೊನ್ನೆ ರಿಟರ್ನ್ ಜಾಸ್ತಿ ಇದ್ದರೆ

ಇದು ನನ್ನನ್ನೇ ಒಂದು ಇಡೀ ಭಾನುವಾರ ಕಾಡಿದ ದೋಷ. ಬೆಲೆ ಫೈಲಿನಲ್ಲಿ 1,432.50 ಅಂತ ಕಾಮಾ ಹಾಕಿ ಬರೆದಿತ್ತು. ಪಾಂಡಾಸ್ ಅದನ್ನು ಅಕ್ಷರ ಅಂತ ಓದುತ್ತದೆ, ಸಂಖ್ಯೆ ಅಂತ ಅಲ್ಲ. ನಾನು ಜಾಣತನ ಮಾಡಿ ಟು-ನ್ಯೂಮೆರಿಕ್‌ಗೆ ಎರರ್ಸ್ ಕೊಅರ್ಸ್ ಹಾಕಿದೆ, ಅಂದರೆ ಸಂಖ್ಯೆ ಆಗದ್ದನ್ನು ಖಾಲಿ ಮಾಡು ಅಂತ. ಕಾಮಾ ಇದ್ದ ಬೆಲೆಯೆಲ್ಲ ಖಾಲಿ ಆಯಿತು. ಸಾವಿರಕ್ಕಿಂತ ಕಮ್ಮಿ ಇದ್ದದ್ದು ಮಾತ್ರ ಉಳಿಯಿತು. ಇನ್ಫೋಸಿಸ್ 2019ರಲ್ಲಿ ಮೂರಂಕಿ, 2021ರಲ್ಲಿ ನಾಲ್ಕಂಕಿ. ಅಂದರೆ 2019 ಪೂರ್ತಿ ಇದೆ, 2021 ಪೂರ್ತಿ ಹೋಯಿತು.

ಹೋದದ್ದು ಹೋಗಿ ಎರರ್ ಆದರೂ ಬರಬೇಕಿತ್ತಲ್ಲ? ಬರಲಿಲ್ಲ. ಹಳೆಯ ಪಾಂಡಾಸ್‌ನಲ್ಲಿ ಪಿಸಿಟಿ-ಚೇಂಜ್ ಖಾಲಿ ಜಾಗಕ್ಕೆ ಹಿಂದಿನ ಬೆಲೆಯನ್ನೇ ಸದ್ದಿಲ್ಲದೆ ತುಂಬುತ್ತದೆ. ಬೆಲೆ ಅಲ್ಲಾಡದಿದ್ದರೆ ರಿಟರ್ನ್ ಸೊನ್ನೆ. ಸಾಲುಗಳ ಲೆಕ್ಕ ಸರಿ, ಖಾಲಿ ಎಲ್ಲೂ ಇಲ್ಲ, ಬೀಟಾ ಮಾತ್ರ ಅರ್ಧಕ್ಕೆ ಇಳಿದಿದೆ. ಕಾಮಾ ತೆಗೆದುಹಾಕಿ ಓದಿಸಿ (ರೀಡ್-ಸಿಎಸ್‌ವಿಯಲ್ಲಿ ಥೌಸಂಡ್ಸ್ ಅಂತ ಆಯ್ಕೆಯೇ ಇದೆ). ಪಿಸಿಟಿ-ಚೇಂಜ್‌ಗೆ ಫಿಲ್-ಮೆಥಡ್ ನನ್ (None) ಕೊಡಿ, ಆಗ ಅದು ತುಂಬುವುದಿಲ್ಲ. ನಿಖರವಾಗಿ ಸೊನ್ನೆ ಬಂದ ರಿಟರ್ನ್ ಎಷ್ಟಿವೆ ಎಣಿಸಿ. ವರ್ಷಕ್ಕೆ ಒಂದೆರಡು ಸಹಜ. ಸಾಲುಸಾಲಾಗಿ ಇದ್ದರೆ ಅಲ್ಲ.

ಒಂದೇ ಸಾಲು ಎಲ್ಲವನ್ನೂ ಎಳೆದರೆ

ಬೀಟಾ ಈಗ ನಂಬುವ ಹಾಗಿದೆ, ಆದರೆ ಆಲ್ಫಾ (ನಿಫ್ಟಿ ಅಲ್ಲಾಡದ ದಿನ ಷೇರಿಗೆ ಉಳಿಯುವ ಸರಾಸರಿ ರಿಟರ್ನ್) ತಳ ಸೇರಿದೆ. ರಿಟರ್ನ್‌ನಲ್ಲಿ ಅತಿ ಚಿಕ್ಕ ಐದು ಸಂಖ್ಯೆ ನೋಡಿ ಅಂದೆ. 2018ರ ಸೆಪ್ಟೆಂಬರ್ 4ಕ್ಕೆ ಸುಮಾರು −50% ಇತ್ತು. ಅವತ್ತು ಇನ್ಫೋಸಿಸ್ 1:1 ಬೋನಸ್ ಷೇರಿನ ಎಕ್ಸ್-ಡೇಟ್, ಅಂದರೆ ಬೋನಸ್ ಕಳೆದ ಬೆಲೆಗೆ ವ್ಯಾಪಾರ ಶುರುವಾದ ದಿನ. ಒಂದು ಷೇರು ಇದ್ದವರಿಗೆ ಎರಡಾಯಿತು, ಬೆಲೆ ಅರ್ಧವಾಯಿತು. ಯಾರ ಹಣವೂ ಮುಳುಗಲಿಲ್ಲ. ಹೊಂದಾಣಿಕೆ ಮಾಡದ ಬೆಲೆಯ ಫೈಲಿಗೆ ಅದು ಗೊತ್ತಾಗುವುದಿಲ್ಲ. 2014ರ ಡಿಸೆಂಬರ್‌ನಲ್ಲೂ 2015ರ ಜೂನ್‌ನಲ್ಲೂ ಇದೇ ಥರ 1:1 ಆಗಿದೆ. ಹಿಂದಕ್ಕೆ ಹೋಗುವವರು ಅವೆರಡನ್ನೂ ನೋಡಿಕೊಳ್ಳಿ.

ಒಂದು ಸಾಲು ಏನು ಮಹಾ ಅಂತೀರಾ? ಲೆಕ್ಕ ಹಾಕೋಣ. ರಿಗ್ರೆಶನ್ ನೋಡುವುದು ವರ್ಗಗಳನ್ನು. ದಿನಕ್ಕೆ ಸುಮಾರು 1.5% ಏರಿಳಿಯುವ ಷೇರಿಗೆ ವರ್ಷದ 247 ದಿನದ ವರ್ಗಗಳ ಮೊತ್ತ 247 × 2.25, ಅಂದರೆ 556. ಆ ಒಂದೇ ದಿನದ್ದು 50 × 50, ಅಂದರೆ 2500. ಇಡೀ ವರ್ಷಕ್ಕಿಂತ ಒಂದು ದಿನದ ತೂಕ ನಾಲ್ಕು ಪಟ್ಟು ಜಾಸ್ತಿ. ಆ ವರ್ಷದ ಸರಾಸರಿ ರಿಟರ್ನ್ ದಿನಕ್ಕೆ 0.2% ಕೆಳಗೆ ಹೋಗುತ್ತದೆ. ಆರ್-ಸ್ಕ್ವೇರ್ ನೆಲ ಕಚ್ಚುತ್ತದೆ.

ಹಾಗಂತ ದೊಡ್ಡ ಸಂಖ್ಯೆಯನ್ನೆಲ್ಲ ಕಿತ್ತುಹಾಕಬೇಡಿ. 2023ರ ಏಪ್ರಿಲ್ 17ರಂದು ಇನ್ಫೋಸಿಸ್ 9%ಕ್ಕಿಂತ ಜಾಸ್ತಿ ಬಿತ್ತು. ಅದು ನಿಜವಾದ ಇಳಿತ. 13ರ ಸಂಜೆ ತ್ರೈಮಾಸಿಕ ಫಲಿತಾಂಶ ಬಂತು, 14 ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿವಾರ ಭಾನುವಾರ, ಸೋಮವಾರ ತೆರೆದ ಕೂಡಲೇ ಬಿತ್ತು. ಬೋನಸ್ ದಿನವನ್ನು ಸರಿಪಡಿಸಬೇಕು, ಫಲಿತಾಂಶದ ದಿನವನ್ನು ಇಟ್ಟುಕೊಳ್ಳಬೇಕು. ಯಾವುದು ಯಾವುದು ಅಂತ ತಿಳಿಯಲು ಕೋಡ್ ಸಾಲದು, ಆ ದಿನದ ಪತ್ರಿಕೆ ನೋಡಬೇಕು.

ಹೊಂದಾಣಿಕೆಯಾದ ಬೆಲೆ ಹಾಕಿದರೂ ಇನ್ನೊಂದು ಚಿಕ್ಕ ಮೋಸ ಇದೆ. ಅದರಲ್ಲಿ ಡಿವಿಡೆಂಡ್ ಸೇರಿರುತ್ತದೆ, ಸಾಮಾನ್ಯ ನಿಫ್ಟಿ 50ರಲ್ಲಿ ಸೇರಿರುವುದಿಲ್ಲ. ಬೀಟಾಗೆ ಏನೂ ಆಗದು, ಆಲ್ಫಾ ಸುಮ್ನೆ ಉಬ್ಬುತ್ತದೆ. ಅದಕ್ಕೆ ಜೊತೆ ನಿಫ್ಟಿ 50 ಟಿಆರ್‌ಐ, ಅಂದರೆ ಡಿವಿಡೆಂಡ್ ಸೇರಿದ ಸೂಚ್ಯಂಕ.

ಆಲ್ಫಾ ಇನ್ನೂ ವಿಪರೀತ ಇದ್ದರೆ

ಬಡ್ಡಿ ದರ ನೋಡಿ. ಆಲ್ಫಾ ಲೆಕ್ಕಕ್ಕೆ ಎರಡೂ ರಿಟರ್ನಿನಿಂದ ಅಪಾಯವಿಲ್ಲದ ಬಡ್ಡಿಯನ್ನು ಮೊದಲು ಕಳೆಯುತ್ತಾರೆ. ಟ್ರೆಶರಿ ಬಿಲ್ಲಿನ (ಸರ್ಕಾರದ ಅಲ್ಪಾವಧಿ ಸಾಲ) ದರ 6.5% ಅಂತಿಟ್ಟುಕೊಂಡರೆ ಅದು ವರ್ಷದ್ದು. ದಿನದ ರಿಟರ್ನಿನಿಂದ ಅದನ್ನು ಹಾಗೇ ಕಳೆದರೆ, ಬೀಟಾ 0.8 ಇರುವ ಷೇರಿಗೆ ಆಲ್ಫಾ ದಿನಕ್ಕೆ −1.3% ಬರುತ್ತದೆ. ಬೀಟಾ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ದಿನದ ದರಕ್ಕೆ ಇಳಿಸಿಕೊಂಡು ಕಳೆಯಿರಿ. ಒಂದು ಕಾಲಂ ಪರ್ಸೆಂಟ್‌ನಲ್ಲಿ, ಇನ್ನೊಂದು ದಶಮಾಂಶದಲ್ಲಿ ಇದ್ದರೆ ಬೀಟಾ ನೂರು ಪಟ್ಟು ಹೆಚ್ಚು ಅಥವಾ ಕಮ್ಮಿ ಬರುತ್ತದೆ. ಅದು ತಾನೇ ಕೂಗಿ ಹೇಳುತ್ತದೆ.

ರಿಗ್ರೆಶನ್ ಸಾಲಿನಲ್ಲೇ ಆಗುವ ತಪ್ಪುಗಳು

ಎಕ್ಸ್ (ಇಲ್ಲಿ ನಿಫ್ಟಿ) ಮತ್ತು ವೈ (ಇನ್ಫೋಸಿಸ್) ಅದಲುಬದಲು ಆಗುವುದು ಸಾಮಾನ್ಯ. ರಿಗ್ರೆಶನ್ ಮಾಡುವ ಪೈಥಾನ್ ಲೈಬ್ರರಿಗಳಲ್ಲಿ ಸೈಪೈಯ ಲಿನ್-ರಿಗ್ರೆಸ್‌ಗೆ ಮೊದಲು ಎಕ್ಸ್ ಕೊಡಬೇಕು, ಸ್ಟ್ಯಾಟ್ಸ್‌ಮಾಡೆಲ್ಸ್‌ನ ಓಎಲ್‌ಎಸ್‌ಗೆ ಮೊದಲು ವೈ. ಎರಡನ್ನೂ ಬಳಸುವವರು ಒಂದು ದಿನ ಎಡವುತ್ತಾರೆ. ಅದಲುಬದಲಾದರೂ ಆರ್-ಸ್ಕ್ವೇರ್ ಅದೇ ಬರುತ್ತದೆ, ಇಳಿಜಾರು ಮಾತ್ರ ಬದಲಾಗುತ್ತದೆ. ಎರಡು ಇಳಿಜಾರುಗಳನ್ನು ಗುಣಿಸಿದರೆ ಆರ್-ಸ್ಕ್ವೇರ್ ಸಿಗುತ್ತದೆ. ಹಾಗಾಗಿ 0.9 ಬರಬೇಕಾದ ಕಡೆ 0.33 ಬಂದು, ಆರ್-ಸ್ಕ್ವೇರ್ 0.3 ಇದ್ದರೆ ಅನುಮಾನವೇ ಬೇಡ, ಉಲ್ಟಾ ಕೊಟ್ಟಿದ್ದೀರಿ.

ನಂಪೈಯಲ್ಲಿ ಕೋವೇರಿಯನ್ಸನ್ನು ವೇರಿಯನ್ಸಿನಿಂದ ಭಾಗಿಸಿ ಬೀಟಾ ತೆಗೆಯುವವರಿಗೆ ಒಂದು ಮಾತು. ಕವ್ ತಾನಾಗಿ ಎನ್ (ಸಾಲುಗಳ ಸಂಖ್ಯೆ) ಮೈನಸ್ ಒಂದರಿಂದ ಭಾಗಿಸುತ್ತದೆ, ವಾರ್ ಎನ್‌ನಿಂದ. ಸಾವಿರ ಸಾಲಿಗೆ ವ್ಯತ್ಯಾಸ ಕಾಣದು. 12 ತಿಂಗಳ ರಿಟರ್ನ್ ಇದ್ದರೆ ಬೀಟಾ 9% ಉಬ್ಬುತ್ತದೆ.

ಸ್ಟ್ಯಾಟ್ಸ್‌ಮಾಡೆಲ್ಸ್ ಕಾನ್‌ಸ್ಟಂಟ್ ಅನ್ನು (ಆಲ್ಫಾ ಸಿಗಲು ಬೇಕಾದ ಒಂದುಗಳ ಕಾಲಂ) ತಾನಾಗಿ ಸೇರಿಸುವುದಿಲ್ಲ, ಆಡ್-ಕಾನ್‌ಸ್ಟಂಟ್ ನೀವೇ ಕರೆಯಬೇಕು. ಸೈಕಿಟ್-ಲರ್ನ್ ತಾನೇ ಸೇರಿಸಿಕೊಳ್ಳುತ್ತದೆ, ಆದರೆ ಒಂದೇ ಕಾಲಂ ಕೊಟ್ಟರೆ "ಎಕ್ಸ್‌ಪೆಕ್ಟೆಡ್ 2ಡಿ ಅರೇ" ಅಂತ ಗೊಣಗುತ್ತದೆ. ರೀಶೇಪ್ ಮಾಡಿದರೆ ಮುಗಿಯಿತು.

ಇದಕ್ಕಿಂತ ಸ್ವಾರಸ್ಯದ್ದು ಇನ್ನೊಂದು. ಮಾಡೆಲ್ ಚೆನ್ನಾಗಿ ಕೂತಿದೆ. ನಾಳೆಗೆ ಅಂತ ಒಂದೇ ಸಾಲು ತೆಗೆದು, ಆಡ್-ಕಾನ್‌ಸ್ಟಂಟ್ ಹಾಕಿ, ಪ್ರೆಡಿಕ್ಟ್ ಕೊಟ್ಟರೆ ಆಕಾರ ಹೊಂದುತ್ತಿಲ್ಲ ಅಂತ ಎರರ್. ಸಾವಿರ ಸಾಲಿಗೆ ನಡೆದದ್ದು ಒಂದು ಸಾಲಿಗೆ ಯಾಕೆ ನಡೆಯದು? ಒಂದೇ ಸಾಲಿನ ಕಾಲಂನಲ್ಲಿ ಇರುವುದು ಒಂದೇ ಸಂಖ್ಯೆ. ಅದು ಬದಲಾಗುವುದಿಲ್ಲ, ಅಂದರೆ ಅದೇ ಕಾನ್‌ಸ್ಟಂಟ್ ಅಂತ ಲೈಬ್ರರಿ ಅಂದುಕೊಂಡು ಹೊಸದನ್ನು ಸೇರಿಸದೆ ಬಿಡುತ್ತದೆ. ಹ್ಯಾಸ್-ಕಾನ್‌ಸ್ಟಂಟ್ ಅನ್ನುವ ಆಯ್ಕೆಗೆ ಆಡ್ ಅಂತ ಕೊಟ್ಟರೆ ಸರಿಹೋಗುತ್ತದೆ.

98 ಪರ್ಸೆಂಟ್ ಸರಿ ಬರುವ ಭವಿಷ್ಯ

ಮೂರನೇ ದಿನ ಹುಡುಗ ಖುಷಿಯಲ್ಲಿದ್ದ. ಬೀಟಾ 0.9ರ ಆಸುಪಾಸಿಗೆ ಬಂದಿತ್ತು. ಜೊತೆಗೆ ನಾಳೆಯ ಬೆಲೆ ಹೇಳುವ ಮಾಡೆಲ್ ಕೂಡ ಕಟ್ಟಿದ್ದ. ಆರ್-ಸ್ಕ್ವೇರ್ 0.98. ಚಾರ್ಟ್ ಕಳಿಸಿದ. ನಿಜವಾದ ಗೆರೆ, ಊಹೆಯ ಗೆರೆ ಒಂದರ ಮೇಲೊಂದು ಅಂಟಿಕೊಂಡಿವೆ.

"ಇದರಲ್ಲಿ ಒಂದು ತಿಂಗಳು ಮಾತ್ರ ದೊಡ್ಡದು ಮಾಡಿ ಕಳಿಸು" ಅಂದೆ.

ದೊಡ್ಡದು ಮಾಡಿದಾಗ ಕಂಡಿತು. ಊಹೆಯ ಗೆರೆ ನಿಜವಾದ ಗೆರೆಯೇ, ಒಂದು ದಿನ ಬಲಕ್ಕೆ ಸರಿದಿದೆ ಅಷ್ಟೇ. ಮಾಡೆಲ್ ಕಲಿತದ್ದು "ನಾಳೆಯ ಬೆಲೆ ಇವತ್ತಿನ ಬೆಲೆ" ಅಂತ. ಅದು ನಮ್ಮಜ್ಜಿಗೂ ಗೊತ್ತು. ಇವತ್ತಿನ ಬೆಲೆಯನ್ನೇ ನಾಳೆಗೆ ಊಹೆ ಅಂತ ಇಟ್ಟು ಅದರ ತಪ್ಪನ್ನೂ ಪಕ್ಕದಲ್ಲಿ ಬರೆಯಿರಿ. ಅದಕ್ಕಿಂತ ಮಾಡೆಲ್ ಚೆನ್ನಾಗಿಲ್ಲದಿದ್ದರೆ 0.98ಕ್ಕೆ ಬೆಲೆಯಿಲ್ಲ.

ಬೆಲೆಯ ಮೇಲೆ ಬೆಲೆ ರಿಗ್ರೆಶನ್ ಮಾಡುವುದೇ ಹಳೆಯ ಹಳ್ಳ. ಏರುತ್ತಲೇ ಹೋಗುವ ಎರಡು ಸರಣಿಗೆ ಸಂಬಂಧವೇ ಇಲ್ಲದಿದ್ದರೂ ಆರ್-ಸ್ಕ್ವೇರ್ ಚೆನ್ನಾಗಿ ಬರುತ್ತದೆ. ಇಂಥ ಹುಸಿ ಸಂಬಂಧದ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಯೂಲ್ 1926ರಲ್ಲೇ ಬರೆದಿದ್ದರು, ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲಿ ತೋರಿಸಿಕೊಟ್ಟರು. ಅವರಿಂದ ಬಂದ ಒಂದು ಒರೆಗಲ್ಲು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಆರ್-ಸ್ಕ್ವೇರ್ ಸಂಖ್ಯೆ ಡರ್ಬಿನ್-ವಾಟ್ಸನ್ ಸಂಖ್ಯೆಗಿಂತ (ಒಂದು ದಿನದ ತಪ್ಪು ಮರುದಿನದ ತಪ್ಪಿಗೆ ಅಂಟಿಕೊಂಡಿದೆಯಾ ಅಂತ ಅಳೆಯುವುದು) ದೊಡ್ಡದಿದ್ದರೆ ಅನುಮಾನ ಪಡಿ. ಸ್ಟ್ಯಾಟ್ಸ್‌ಮಾಡೆಲ್ಸ್ ಸಮ್ಮರಿಯಲ್ಲಿ ಎರಡೂ ಇರುತ್ತವೆ.

ಬೆಲೆ ಬಿಟ್ಟು ರಿಟರ್ನ್‌ಗೆ ಬಂದ ಮೇಲೂ ಆರ್-ಸ್ಕ್ವೇರ್ 0.3 ಬಂತು. ನಾಳೆಯ ರಿಟರ್ನ್‌ಗೆ ಅಷ್ಟು ಬಂದರೆ ಎಲ್ಲೋ ಉತ್ತರ ಸೋರುತ್ತಿದೆ ಅಂತಲೇ ಅರ್ಥ. ಮೂರು ಕಡೆ ನೋಡಿದೆವು. ಮೊದಲನೆಯದು ಕಾಲಂ ಅನ್ನು ಒಂದು ದಿನ ಹಿಂದೆ-ಮುಂದೆ ಸರಿಸುವ ಶಿಫ್ಟ್. ಶಿಫ್ಟ್‌ನ ಚಿಹ್ನೆ ಸರಿ ಇತ್ತು. ಕಲಿಯುವ ಸಾಲು, ಪರೀಕ್ಷೆಯ ಸಾಲು ಅಂತ ಬೇರ್ಪಡಿಸುವ ಟ್ರೇನ್-ಟೆಸ್ಟ್-ಸ್ಪ್ಲಿಟ್ ತಾನಾಗಿಯೇ ಸಾಲುಗಳನ್ನು ಕಲಸಿಬಿಡುತ್ತದೆ, ಹಾಗಾಗಿ ಮುಂದಿನ ವಾರ ಓದಿ ಹಿಂದಿನ ವಾರ ಊಹಿಸುತ್ತಿತ್ತು. ಶಫಲ್ ಫಾಲ್ಸ್ ಮಾಡಿದೆವು. ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ಅಸಲಿ ಕಳ್ಳ ಅಮೆರಿಕದಲ್ಲಿದ್ದ. ಹುಡುಗ ಅಮೆರಿಕದ ಸೂಚ್ಯಂಕ ಎಸ್ ಆಂಡ್ ಪಿ 500ರ ರಿಟರ್ನನ್ನೂ ಸೇರಿಸಿದ್ದ, ಅದೇ ತಾರೀಕಿಗೆ ಜೋಡಿಸಿ. ಇನ್ಫೋಸಿಸ್‌ನ ಎಡಿಆರ್ (ಅಮೆರಿಕದಲ್ಲಿ ಷೇರಿನ ಬದಲಿಗೆ ಮಾರುವ ಪತ್ರ) ನ್ಯೂಯಾರ್ಕ್‌ನಲ್ಲೂ ನಡೆಯುತ್ತದೆ ಅಂತ ಅದರ ರಿಟರ್ನೂ ಇತ್ತು. ನಮ್ಮ ಮಾರುಕಟ್ಟೆ ಮಧ್ಯಾಹ್ನ 3:30ಕ್ಕೆ ಮುಚ್ಚುತ್ತದೆ. ನ್ಯೂಯಾರ್ಕ್ ತೆರೆಯುವುದು ನಮ್ಮ ಸಂಜೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ. ಮಂಗಳವಾರದ ನ್ಯೂಯಾರ್ಕ್ ರಿಟರ್ನ್ ಮಂಗಳವಾರ 3:30ಕ್ಕೆ ಯಾರ ಕೈಯಲ್ಲೂ ಇರುವುದಿಲ್ಲ. ಬುಧವಾರ ಬೆಳಿಗ್ಗೆ 9:15ಕ್ಕೆ ಇನ್ಫೋಸಿಸ್ ತೆರೆಯುವ ಹೊತ್ತಿಗೆ ಆ ಸುದ್ದಿ ಬೆಲೆಯಲ್ಲಿ ಸೇರಿಬಿಟ್ಟಿರುತ್ತದೆ. ಮುಚ್ಚಿದ ಬೆಲೆಯಿಂದ ಮುಚ್ಚಿದ ಬೆಲೆಗೆ ರಿಟರ್ನ್ ತೆಗೆದರೆ ಭವಿಷ್ಯ ಹೇಳಿದ ಹಾಗೆ ಕಾಣುತ್ತದೆ, ಆದರೆ ಆ ಬೆಲೆಗೆ ಕೊಳ್ಳುವ ಅವಕಾಶವೇ ಇರಲಿಲ್ಲ. ತೆರೆದ ಬೆಲೆಯಿಂದ ಮುಚ್ಚಿದ ಬೆಲೆಗೆ ತೆಗೆದು ನೋಡು ಅಂದೆ. ಸಂಬಂಧ ಆವಿಯಾಯಿತು.

ಎರಡು ದೇಶದ ಫೈಲು ಸೇರಿಸುವಾಗ ಇನ್ನೊಂದು ಎಚ್ಚರ. ಬೆಲೆಗಳನ್ನು ಮೊದಲು ಸೇರಿಸಿ, ಆಮೇಲೆ ರಿಟರ್ನ್ ತೆಗೆಯಿರಿ. 2023ರ ಏಪ್ರಿಲ್ 14ಕ್ಕೆ ನಮಗೆ ರಜೆ, ಅವರಿಗಿಲ್ಲ. ರಿಟರ್ನ್ ತೆಗೆದು ಆಮೇಲೆ ಸೇರಿಸಿದರೆ ಅವರ ಆ ಒಂದು ದಿನದ ಏರಿಳಿತ ಕಳೆದೇಹೋಗುತ್ತದೆ.

ಅಂಕ ಕೊಡುವ ಕೋಡ್ ಸರಿಯಿದೆಯಾ ಅಂತ ನೋಡಲು ಒಂದು ಒರಟು ಉಪಾಯ. ವೈ ಕಾಲಂ ಅನ್ನು ಬೇಕಂತಲೇ ಕಲಸಿ ಮಾಡೆಲ್ ಓಡಿಸಿ. ಆಗಲೂ ಟೆಸ್ಟ್‌ನಲ್ಲಿ ಒಳ್ಳೆಯ ಅಂಕ ಬಂದರೆ ಅಂಕ ಕೊಡುವ ಕೋಡೇ ಕೆಟ್ಟಿದೆ. ಆರ್-ಸ್ಕ್ವೇರ್ ಲೆಕ್ಕ ಹಾಕುವ ಆರ್2-ಸ್ಕೋರ್‌ಗೆ ಮೊದಲು ನಿಜವಾದದ್ದು, ಆಮೇಲೆ ಊಹೆ ಕೊಡಬೇಕು. ಉಲ್ಟಾ ಕೊಟ್ಟರೆ ಉತ್ತರವೇ ಬೇರೆ. ಸರಾಸರಿ ವರ್ಗ ದೋಷಕ್ಕೆ ಯಾವ ಕಡೆಯಿಂದ ಕೊಟ್ಟರೂ ಒಂದೇ, ಅದಕ್ಕೆ ಅಲ್ಲಿ ಗೊತ್ತಾಗುವುದಿಲ್ಲ.

"ಮಾಮ, ಈಗ ಆರ್-ಸ್ಕ್ವೇರ್ ಮೈನಸ್ ಬಂತು. ವರ್ಗ ಮೈನಸ್ ಹೇಗಾಗತ್ತೆ?"

"ಎಷ್ಟು?"

"ಮೈನಸ್ 0.01."

ಟೆಸ್ಟ್ ಡೇಟಾದಲ್ಲಿ ಅದು ಯಾವುದರ ವರ್ಗವೂ ಅಲ್ಲ. ಟೆಸ್ಟ್ ದಿನಗಳ ಸರಾಸರಿಯನ್ನೇ ಊಹೆ ಅಂತ ಇಟ್ಟರೆ ಆಗುವ ತಪ್ಪಿಗಿಂತ ನಿಮ್ಮ ತಪ್ಪು ಸ್ವಲ್ಪ ಜಾಸ್ತಿ ಅಂತ ಅರ್ಥ. ದಿನದ ರಿಟರ್ನ್‌ಗೆ ಇದು ದೋಷ ಅಲ್ಲ. ಹಣಕಾಸು ಸಂಶೋಧಕರಾದ ವೆಲ್ಚ್ ಮತ್ತು ಗೋಯಲ್ 2008ರಲ್ಲಿ, ಮಾರುಕಟ್ಟೆ ರಿಟರ್ನ್ ಊಹಿಸಲು ಹೆಸರಾದ ಸೂಚಕಗಳನ್ನೆಲ್ಲ ಹೀಗೆ ಹೊರಗಿನ ಡೇಟಾದಲ್ಲಿ ಪರೀಕ್ಷಿಸಿದಾಗ ಹೆಚ್ಚಿನವು ಹಳೆಯ ಸರಾಸರಿಯನ್ನೂ ಸೋಲಿಸಲಿಲ್ಲ. ಅದನ್ನೇ ಪ್ರಾಜೆಕ್ಟ್‌ನಲ್ಲಿ ಬರೆ ಅಂದೆ. ಮೊದಲು ಒಪ್ಪಲಿಲ್ಲ, ಗೈಡ್ ಏನಂತಾರೋ ಅಂತ ಭಯ. ಕೊನೆಗೆ ಬರೆದ.

ನಾಳೆಯ ಊಹೆ ನಿಜಕ್ಕೂ ನಾಳೆಯದೇ?

ಕೊಡುವ ಹಿಂದಿನ ರಾತ್ರಿ ಸಿಕ್ಕಿದ್ದು ಇದು. ವೈ ಅನ್ನು ಶಿಫ್ಟ್ ಮೈನಸ್ ಒಂದು ಮಾಡಿದಾಗ ಕೊನೆಯ ಸಾಲಿಗೆ ಉತ್ತರ ಇರುವುದಿಲ್ಲ, ನಾಳೆ ಇನ್ನೂ ಬಂದಿಲ್ಲವಲ್ಲ. ಮುಂದಿನ ಸಾಲಿನಲ್ಲಿ ಡ್ರಾಪ್-ಎನ್ಎ ಇತ್ತು. ಅದು ಆ ಕೊನೆಯ ಸಾಲನ್ನೇ ಎಸೆಯಿತು. ನಮಗೆ ಬೇಕಿದ್ದದ್ದೇ ಆ ಸಾಲು. ಉಳಿದದ್ದರಲ್ಲಿ ಕೊನೆಯದು ನಿನ್ನೆಯದು. ಅದಕ್ಕೆ ಪ್ರೆಡಿಕ್ಟ್ ಕೊಟ್ಟು ಬಂದ ಇವತ್ತಿನ ಊಹೆಯನ್ನು ಅವನು "ನಾಳೆ" ಅಂತ ಟೈಪ್ ಮಾಡಿದ್ದ. ಕೊನೆಯ ಸಾಲನ್ನು ಡ್ರಾಪ್-ಎನ್ಎಗೆ ಮುಂಚೆ ಬೇರೆ ಎತ್ತಿಟ್ಟುಕೊಳ್ಳಿ.

ಊಹೆಗೆ ಮೇಲಿನ-ಕೆಳಗಿನ ಮಿತಿ ಕೊಡುವಾಗ ಕೂಡ ಯಾವ ಕಾಲಂ ಅಂತ ನೋಡಿ. ಗೆಟ್-ಪ್ರೆಡಿಕ್ಷನ್ ಎರಡು ಥರದ ಮಿತಿ ಕೊಡುತ್ತದೆ. ಮೀನ್-ಸಿಐ ಅನ್ನುವುದು ಸರಾಸರಿ ಗೆರೆಗೆ, ಬಹಳ ಕಿರಿದು. ಆಬ್ಸ್-ಸಿಐ ಒಂದು ದಿನದ ರಿಟರ್ನ್‌ಗೆ. ಉಳಿಕೆಯ (ಮಾಡೆಲ್ ವಿವರಿಸದೆ ಬಿಟ್ಟ ಭಾಗದ) ಏರಿಳಿತ ದಿನಕ್ಕೆ 1.4% ಇದ್ದರೆ ಆಬ್ಸ್-ಸಿಐ ಹತ್ತಿರ ಹತ್ತಿರ ±2.8% ಬರುತ್ತದೆ. ಹುಡುಗ ಮೀನ್-ಸಿಐ ಹಾಕಿ, ನಿಜವಾದ ರಿಟರ್ನ್ ದಿನಾ ಹೊರಗೇ ಬೀಳುತ್ತಿದೆ ಅಂತ ಒದ್ದಾಡುತ್ತಿದ್ದ. ಕಾಲಂ ಬದಲಿಸಿ, ಊಹೆಯ ಪಕ್ಕ ಅದು ಯಾವ ತಾರೀಕಿನ ಸಾಲಿನಿಂದ ಬಂತು ಅಂತಲೂ ಪ್ರಿಂಟ್ ಮಾಡಿಸಿ, ಒಂದೂವರೆಗೆ ಫೋನ್ ಇಟ್ಟೆವು.